ಹುಡುಗನಿಗೆ ಹದಿನೇಳು ಎಂದ ಮಾತ್ರಕ್ಕೆ ಬಿಟ್ಟುಬಿಡುತ್ತಾರೆಯೇ?

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಎಪ್ಪತ್ತು ದಾಟಿದ ತಾಯಿಯನ್ನು ನೆಲಕ್ಕೆ ಕೆಡವಿ ಎರಡೆಳೆ ಸರ ಕಿತ್ತುಕೊಂಡವನು ‘ಅಪ್ರಾಪ್ತ, ನಾಳೆಯೇ ಆಚೆ ಬರ್ತಾನೆ’ ಎಂಬ ನೆರೆಯವರ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ.

2015ರ ಬಾಲನ್ಯಾಯ ಕಾಯ್ದೆಯಂತೆ ಪ್ರಕರಣ ಮೊದಲು ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ಗರಿಷ್ಠವೆಂದರೆ 3 ವರ್ಷ ವಿಶೇಷ ಗೃಹ. ಆದರೆ ನಿಮ್ಮ ತಾಯಿಯ ಸೊಂಟದ ಮೂಳೆ ಮುರಿದಿದೆ. ಕಾನೂನಿಗೆ ಅದು ತೀವ್ರ ಗಾಯ. ಸುಲಿಗೆ ಮಾಡುವಾಗ ತೀವ್ರ ಗಾಯ ಮಾಡಿದವನಿಗೆ ಭಾರತೀಯ ನ್ಯಾಯ ಸಂಹಿತೆಯ 311ನೇ ಸೆಕ್ಷನ್ ಕನಿಷ್ಠ 7 ವರ್ಷ ಶಿಕ್ಷೆ ಹೇಳುತ್ತದೆ. ಕನಿಷ್ಠ ಶಿಕ್ಷೆಯೇ 7 ವರ್ಷವಿದ್ದರೆ ಅದು ಘೋರ ಅಪರಾಧ. ಆಗ, ಹದಿನಾರು ತುಂಬಿದವನ ಮನಃಸ್ಥಿತಿ, ತಿಳಿವಳಿಕೆಗಳನ್ನು ಮಂಡಳಿ ಅಳೆದು ನೋಡಿ, ಪ್ರಕರಣವನ್ನು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಪೊಲೀಸರು ಬರೀ ಕಸಿದೋಡುವಿಕೆಯ 304ನೇ ಸೆಕ್ಷನ್ ಹಾಕಿದ್ದರೆ ಆ ದಾರಿ ಇಲ್ಲ. ಎಫ್‌ಐಆರ್ ಪ್ರತಿ ತರಿಸಿ ನೋಡಿ. ಎಕ್ಸ್‌ರೇ, ಗಾಯದ ಪ್ರಮಾಣಪತ್ರಗಳನ್ನು ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮಕ್ಕಳ ನ್ಯಾಯಾಲಯದಲ್ಲಿ ಶಿಕ್ಷೆಯಾದರೂ 21 ತುಂಬುವವರೆಗೆ ಅವನನ್ನು ಜೈಲಿಗೆ ಹಾಕುವುದಿಲ್ಲ, ಸುರಕ್ಷಿತ ಸ್ಥಳದಲ್ಲಿ ಇಡುತ್ತಾರೆ. ಇದು ಸರಿ ಎಂದೇ ನನ್ನ ನಂಬಿಕೆ. ಪಳಗಿದ ಅಪರಾಧಿಗಳ ನಡುವೆ ಬೆಳೆದು ಬಂದವನಿಂದ ಇನ್ನೊಬ್ಬ ತಾಯಿಗೆ ಅಪಾಯವೇ ಹೆಚ್ಚು.

ಹುಡುಗನ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಹರಿಯಬಿಡಬೇಡಿ. ಗುರುತು ಬಹಿರಂಗಪಡಿಸುವುದೂ ಅಪರಾಧ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಪರಿಹಾರದ ಅರ್ಜಿ ಹಾಕಿ. ಮಹಿಳೆಯಾದ ನಿಮ್ಮ ತಾಯಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಈ ವಾರವೇ ಹೋಗಿ.