ವೇಗದ ಆಟದಲ್ಲಿ ಸಹನೆಯ ಪಾಠ

'ಸಬ್ರ್' ಎಂಬ ಪದವನ್ನು ನಾವು ಹೆಚ್ಚಾಗಿ ಸಂಕಷ್ಟದ ವೇಳೆಗೆ ಮೀಸಲಿಟ್ಟುಬಿಟ್ಟಿದ್ದೇವೆ. ಮನೆಯಲ್ಲಿ ಸಾವು ಸಂಭವಿಸಿದಾಗ, ಬೆಳೆ ಕೈಕೊಟ್ಟಾಗ, ಕಾಯಿಲೆ ಬಂದಾಗ 'ಸಬ್ರ್ ಮಾಡಿ' ಎಂದು ಪರಸ್ಪರ ಸಂತೈಸುತ್ತೇವೆ. ಅದು ಸರಿಯೇ. ಆದರೆ ಆ ಅರಬಿ ಪದದ ಮೂಲಾರ್ಥ ತಡೆದು ಹಿಡಿಯುವುದು ಎಂದಾಗಿದೆ. ಮನಸ್ಸು ಮುನ್ನುಗ್ಗುವಾಗ ಅದರ ಲಗಾಮನ್ನು ಹಿಡಿದುಕೊಳ್ಳುವವನು ಸಹನಶೀಲನು. ಇದರ ಜೊತೆಗೇ ಸಾಗುವ ಇನ್ನೊಂದು ಗುಣ 'ಇಸ್ತಿಕಾಮತ್'. ನೆಟ್ಟಗೆ ನಿಲ್ಲುವುದು, ಹಿಡಿದ ದಾರಿಯಲ್ಲಿ ಕದಲದೆ ಸಾಗುವುದು ಎಂಬುದು ಅದರ ತಾತ್ಪರ್ಯ. ಇವೆರಡೂ ಗದ್ದೆ, ಅಂಗಡಿ, ತರಗತಿ, ಅಡುಗೆಮನೆಗಳಲ್ಲಿ ದಿನನಿತ್ಯ ಬೇಕಾದ ಗುಣಗಳು. ಅಷ್ಟೇಕೆ, ಆಟದಲ್ಲೂ ಬೇಕು.

ಈ ಪಾಠಕ್ಕೆ ಉದಾಹರಣೆಯನ್ನು ನಮ್ಮ ಹುಡುಗರ ಕೈಯಲ್ಲಿರುವ ವಸ್ತುವಿನಿಂದಲೇ ತೆಗೆದುಕೊಳ್ಳೋಣ. ಹಾನಗಲ್ಲಿರಲಿ, ಶಿಗ್ಗಾಂವಿರಲಿ, ಸವಣೂರು, ಹಿರೇಕೆರೂರುಗಳಿರಲಿ, ಕಾರಿನ ಓಟದ ಆಟವನ್ನು ಪರದೆಯ ಮೇಲೆ ಆಡದ ಹುಡುಗರು ಇಂದು ಅಪರೂಪ. ತಂದೆತಾಯಂದಿರು ಒಂದೋ ಅದನ್ನು ಪೂರ್ತಿ ಹಾಳು ಎಂದು ಬೈಯುತ್ತಾರೆ, ಇಲ್ಲವೇ ಹುಡುಗ ಮನೆಯಲ್ಲೇ ಇದ್ದಾನಲ್ಲ ಎಂದು ಸುಮ್ಮನಾಗುತ್ತಾರೆ. ಆಟದೊಳಗೆ ಏನು ನಡೆಯುತ್ತದೆಂದು ವಿಚಾರಿಸುವವರು ಕಡಿಮೆ. ಇಂದು ಅದನ್ನೇ ವಿಚಾರಿಸೋಣ.

ಇದು ಯಾವ ಆಟ?

ಪರದೆಯ ಮೇಲಿನ ಕಾರಿನ ಆಟಗಳೆಲ್ಲ ಒಂದೇ ಬಗೆಯವಲ್ಲ. ಮೊಬೈಲಿನ ಎಷ್ಟೋ ಆಟಗಳಲ್ಲಿ ಪಕ್ಕದ ಕಾರಿಗೆ ಗುದ್ದಿದರೆ ಬಹುಮಾನ ಸಿಗುತ್ತದೆ, ಗೋಡೆಗೆ ಅಪ್ಪಳಿಸಿದರೂ ಕಾರು ಮತ್ತೆ ಓಡುತ್ತದೆ. 'ಸಿಮ್ ರೇಸಿಂಗ್' ಎಂಬುದು ಬೇರೆ. ಇಲ್ಲಿ ನಿಜವಾದ ಕಾರಿನ ತೂಕ, ಟೈರಿನ ಹಿಡಿತ, ಬ್ರೇಕಿನ ಬಿಸಿ, ರಸ್ತೆಯ ಉಬ್ಬುತಗ್ಗು ಇವನ್ನೆಲ್ಲ ಕಂಪ್ಯೂಟರು ಲೆಕ್ಕಹಾಕಿ ತೋರಿಸುತ್ತದೆ. ಆಡುವವನ ಮುಂದೆ ಸ್ಟೇರಿಂಗ್, ಕಾಲಡಿ ಬ್ರೇಕು ಮತ್ತು ಎಕ್ಸಲೇಟರ್ ಇರುತ್ತವೆ. ಟೈರು ಜಾರಿದರೆ ಸ್ಟೇರಿಂಗಿನ ಬಿಗಿ ಕೈಗೆ ಗೊತ್ತಾಗುತ್ತದೆ. ಜಪಾನಿನಲ್ಲಿ 1997ರಲ್ಲಿ ಹೊರಬಂದ 'ಗ್ರ್ಯಾನ್ ಟುರಿಸ್ಮೊ', ಅಮೆರಿಕದಲ್ಲಿ 2008ರಲ್ಲಿ ಆರಂಭವಾದ 'ಐರೇಸಿಂಗ್', ಇಟಲಿಯಿಂದ 2014ರಲ್ಲಿ ಬಂದ 'ಅಸೆಟ್ಟೊ ಕೋರ್ಸಾ' ಇವು ಈ ಕ್ಷೇತ್ರದಲ್ಲಿ ಹೆಸರಾದವು. ಇಂಟರ್‌ನೆಟ್ ಮೂಲಕ ಬೇರೆ ಬೇರೆ ದೇಶಗಳವರು ಒಂದೇ ಓಟದಲ್ಲಿ ಸೇರಬಹುದು. ನಿಜವಾದ ಸ್ಪರ್ಧೆಗಳ ಚಾಲಕರು ಸಹ ಅಭ್ಯಾಸಕ್ಕೆ ಇಂತಹ ಯಂತ್ರಗಳನ್ನು ಬಳಸುತ್ತಾರೆ.

ಇಂಟರ್‌ನೆಟ್ ಸಂಪರ್ಕದ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ಈ ಓಟಕ್ಕೆ ಅತಿವೇಗದ ಸಂಪರ್ಕಕ್ಕಿಂತ ಏರುಪೇರಿಲ್ಲದ ಸಂಪರ್ಕ ಮುಖ್ಯ. ಒಮ್ಮೆ ಜೋರಾಗಿ, ಒಮ್ಮೆ ನಿಂತು ನಿಂತು ಬರುವ ಸಂಪರ್ಕವಿದ್ದರೆ ಆ ಹುಡುಗನ ಕಾರು ಇತರರ ಪರದೆಯಲ್ಲಿ ಜಿಗಿಜಿಗಿದು ಅವರ ಓಟವನ್ನೂ ಕೆಡಿಸುತ್ತದೆ. ಯಂತ್ರವೇ ವೇಗಕ್ಕಿಂತ ಸ್ಥಿರತೆಯನ್ನು ಬಯಸುವಾಗ ಮನುಷ್ಯನ ಮಾತೇನು?

ಲೆಕ್ಕ ಏನು ಹೇಳುತ್ತದೆ?

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ಇಬ್ಬರು ಹುಡುಗರು 20 ಸುತ್ತಿನ ಓಟದಲ್ಲಿದ್ದಾರೆನ್ನಿ. ಮೊದಲನೆಯವನು ಪ್ರತಿ ಸುತ್ತನ್ನು 90 ಸೆಕೆಂಡಿನಲ್ಲಿ ಮುಗಿಸುತ್ತಾನೆ. ಅವನ ಒಟ್ಟು ಸಮಯ 1,800 ಸೆಕೆಂಡು, ಅಂದರೆ ಸರಿಯಾಗಿ ಅರ್ಧ ಗಂಟೆ. ಎರಡನೆಯವನು ಹೆಚ್ಚು ಚುರುಕು. ಪ್ರತಿ ಸುತ್ತಿಗೆ 89 ಸೆಕೆಂಡು ಸಾಕು. ಆದರೆ ಎರಡು ಸಲ ಮಾತ್ರ ಅವಸರದಿಂದ ತಿರುವಿನಲ್ಲಿ ಜಾರಿ, ಪ್ರತಿಸಲ 12 ಸೆಕೆಂಡು ಕಳೆದುಕೊಳ್ಳುತ್ತಾನೆ. ಅವನ ಒಟ್ಟು ಸಮಯ 1,804 ಸೆಕೆಂಡು. ಹದಿನೆಂಟು ಸುತ್ತುಗಳಲ್ಲಿ ಮುಂದಿದ್ದವನು ಎರಡು ಕ್ಷಣಗಳ ದುಡುಕಿನಿಂದ 4 ಸೆಕೆಂಡು ಹಿಂದೆ ಬಿದ್ದನು.

ಆದುದರಿಂದಲೇ ಈ ಆಟದಲ್ಲಿ ಪಳಗಿದವರು ಹೊಸಬರ ಅತ್ಯುತ್ತಮ ಸುತ್ತು ಎಷ್ಟು ಸೆಕೆಂಡಿನದೆಂದು ಮೊದಲು ಕೇಳುವುದಿಲ್ಲ. ಹತ್ತು ಸುತ್ತು ಓಡಿಸಿದರೆ ಅತಿ ವೇಗದ ಸುತ್ತಿಗೂ ಅತಿ ನಿಧಾನದ ಸುತ್ತಿಗೂ ಎಷ್ಟು ಅಂತರವಿದೆ ಎಂದು ನೋಡುತ್ತಾರೆ. ಆ ಅಂತರ ಕಿರಿದಾದಂತೆ ಕಲಿಕೆ ಗಟ್ಟಿಯಾಗುತ್ತಿದೆ ಎಂದರ್ಥ. ಕರ್ಮಗಳಲ್ಲಿ ಸ್ವಲ್ಪವಾದರೂ ನಿರಂತರವಾಗಿರುವುದೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ಬಲ್ಲ ಮನೆಗಳಿಗೆ ಇದು ಹೊಸ ಮಾತೇನೂ ಅಲ್ಲ. ರಮಝಾನಿನ ಒಂದೇ ರಾತ್ರಿ ಮುಂಜಾನೆಯವರೆಗೆ ನಿಂತು, ಮರುವಾರ ಫಜ್ರ್ ಬಿಡುವವನ ಲೆಕ್ಕ ಆ ಎರಡನೆಯ ಹುಡುಗನ ಲೆಕ್ಕದಂತೆಯೇ ಅಲ್ಲವೇ?

ಸವಣೂರಿನ ವೀಳ್ಯದೆಲೆ ತೋಟದವರನ್ನು ಕೇಳಿ ನೋಡಿ. ಬಳ್ಳಿಗೆ ಹೊತ್ತಿಗೆ ಸರಿಯಾಗಿ ನೀರು ಬೇಕು. ಬಹಳ ದಿನ ಮರೆತು ಒಮ್ಮೆಲೇ ತೋಟ ತುಂಬಿಸಿದರೆ ಬಳ್ಳಿ ಚಿಗುರುವುದರ ಬದಲು ಕೊಳೆಯುತ್ತದೆ.

ತಿರುವಿಗೆ ಮುಂಚೆ ಬ್ರೇಕು

ಹೊಸದಾಗಿ ಆಡುವವನು ತಿರುವಿನ ತೀರ ಹತ್ತಿರದವರೆಗೆ ವೇಗವಾಗಿ ಹೋಗಿ, ಅಲ್ಲಿ ಬ್ರೇಕನ್ನೂ ಸ್ಟೇರಿಂಗನ್ನೂ ಒಟ್ಟಿಗೆ ಬಲವಾಗಿ ಪ್ರಯೋಗಿಸುತ್ತಾನೆ. ಕಾರು ನೇರವಾಗಿ ಹೊರಗೆ ಹೋಗುತ್ತದೆ. ಇದಕ್ಕೆ ಕಾರಣವಿದೆ. ಟೈರಿಗೂ ರಸ್ತೆಗೂ ನಡುವಿನ ಹಿಡಿತಕ್ಕೆ ಮಿತಿಯುಂಟು. ಅದೆಲ್ಲವನ್ನೂ ಬ್ರೇಕಿಗೇ ಖರ್ಚು ಮಾಡಿದರೆ ತಿರುಗಲು ಏನೂ ಉಳಿಯುವುದಿಲ್ಲ. ಪಳಗಿದವನು ನೇರದಾರಿಯಲ್ಲಿರುವಾಗಲೇ ಬ್ರೇಕಿನ ಬಹುಪಾಲು ಕೆಲಸ ಮುಗಿಸಿ, ತಿರುವಿನೊಳಗೆ ನಿಧಾನವಾಗಿ ಬ್ರೇಕನ್ನು ಸಡಿಲಿಸುತ್ತಾನೆ. ರಸ್ತೆಯ ಹೊರ ಅಂಚಿನಿಂದ ಒಳಬದಿಯನ್ನು ಸವರಿ ಮತ್ತೆ ಹೊರ ಅಂಚಿಗೆ ಬರುತ್ತಾನೆ. ಒಳಗೆ ಹೋಗುವಾಗ ಸ್ವಲ್ಪ ನಿಧಾನಿಸಿದ್ದರಿಂದ ಹೊರಬರುವಾಗ ಬೇಗನೆ ವೇಗ ಪಡೆಯುತ್ತಾನೆ. ಮುಂದಿನ ಇಡೀ ನೇರದಾರಿಯಲ್ಲಿ ಆ ಲಾಭ ಅವನ ಜೊತೆಗಿರುತ್ತದೆ.

ಟೈರಿನ ಇನ್ನೊಂದು ಗುಣವನ್ನೂ ಗಮನಿಸಬೇಕು. ಪ್ರತಿ ತಿರುವಿನಲ್ಲೂ ಅದನ್ನು ಜಾರಿಸುತ್ತ ಓಡಿಸಿದರೆ ಅದು ಮಿತಿಮೀರಿ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಾಲಕನಿಗೆ ತಾನು ಬಹಳ ವೇಗವಾಗಿ ಓಡಿಸುತ್ತಿದ್ದೇನೆಂದು ಅನಿಸುತ್ತಿರುತ್ತದೆ. ಗಡಿಯಾರ ಮಾತ್ರ ನಿಧಾನವೆಂದು ತೋರಿಸುತ್ತಿರುತ್ತದೆ. ಅವಸರವನ್ನೇ ವೇಗವೆಂದು ಭ್ರಮಿಸುವುದು ಮನುಷ್ಯನ ಹಳೆಯ ದೌರ್ಬಲ್ಯ. ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕವನ್ನೆಲ್ಲ ತಿರುವಿಹಾಕುವ ವಿದ್ಯಾರ್ಥಿಯೂ, ಒಂದೇ ಹಂಗಾಮಿನಲ್ಲಿ ಸಾಲವನ್ನೆಲ್ಲ ತೀರಿಸಿಬಿಡುವೆನೆಂದು ಹೊಸ ಸಾಲ ತರುವ ರೈತನೂ ಇದೇ ಭ್ರಮೆಗೆ ಒಳಗಾಗುತ್ತಾರೆ.

ಸಬಖ್ ಮತ್ತು ಆಮೋಖ್ತಾ

ಸ್ಥಿರತೆಯನ್ನು ಕಲಿಯುವುದು ಹೇಗೆ? ಈ ಆಟದ ಉತ್ತಮ ಅಭ್ಯಾಸಕ್ರಮವು ಹಿಫ್ಝ್ ತರಗತಿಯ ಕ್ರಮವನ್ನು ಬಹಳವಾಗಿ ಹೋಲುತ್ತದೆ. ಹಿಫ್ಝ್ ವಿದ್ಯಾರ್ಥಿಯು ದಿನಕ್ಕೆ ಸ್ವಲ್ಪವೇ ಹೊಸ 'ಸಬಖ್' ಕಂಠಪಾಠ ಮಾಡುತ್ತಾನೆ. ಇತ್ತೀಚೆಗೆ ಕಲಿತ ಪುಟಗಳನ್ನು 'ಸಬಖ್ ಪಾರಾ' ಎಂದು ಒಪ್ಪಿಸುತ್ತಾನೆ. ಹಳೆಯ ಭಾಗವನ್ನು 'ಆಮೋಖ್ತಾ' ಎಂದು ಸರದಿಯಂತೆ ಓದಿ ಒಪ್ಪಿಸುತ್ತಾನೆ. ಹೊಸದರ ಆಸೆಯಿಂದ ಹಳೆಯದನ್ನು ಬಿಟ್ಟವನ ಗತಿ ಏನಾಗುತ್ತದೆಂದು ಪ್ರತಿಯೊಬ್ಬ ಉಸ್ತಾದರಿಗೂ ಗೊತ್ತು.

ಹಾಗೆಯೇ ಚಾಲಕನು ಮೊದಲು ಒಂದು ತಿರುವನ್ನು ಆರಿಸಿಕೊಳ್ಳಬೇಕು. ಬ್ರೇಕು ಹಾಕುವ ಜಾಗಕ್ಕೆ ದಾರಿಬದಿಯ ಒಂದು ಫಲಕವನ್ನೋ ಕಂಬವನ್ನೋ ಗುರುತಾಗಿಟ್ಟುಕೊಂಡು, ಪ್ರತಿ ಸುತ್ತಿನಲ್ಲೂ ಅಲ್ಲಿಯೇ ಬ್ರೇಕು ಒತ್ತಬೇಕು. ಅದು ಕೂಡಿಬಂದ ಮೇಲೆ ಹಿಂದೆ ಕಲಿತ ತಿರುವುಗಳೊಡನೆ ಅದನ್ನು ಜೋಡಿಸಬೇಕು. ಅನಂತರ ಪೂರ್ಣ ಸುತ್ತು, ಆಮೇಲೆ ತಪ್ಪಿಲ್ಲದ ಹತ್ತು ಸುತ್ತು. ವೇಗವನ್ನು ಕೊನೆಯಲ್ಲಿ ಸ್ವಲ್ಪಸ್ವಲ್ಪವಾಗಿ ಸೇರಿಸಬೇಕು. ಓಟ ಮುಗಿದ ಬಳಿಕ ಅದರ ದಾಖಲೆಯನ್ನು ಮತ್ತೆ ನೋಡಿ ಎಲ್ಲಿ ತಪ್ಪಿತೆಂದು ಗುರುತಿಸಬೇಕು. ಮಲಗುವ ಮುನ್ನ ದಿನದ ಲೆಕ್ಕ ನೋಡಿಕೊಳ್ಳುವುದನ್ನು ನಮ್ಮ ಹಿರಿಯರು 'ಮುಹಾಸಬ' ಎಂದು ಕರೆದದ್ದು ಇಂತಹ ಪರಿಶೀಲನೆಯನ್ನೇ.

ನಮ್ಮ ಜಿಲ್ಲೆಯಲ್ಲಿ ದೀಪಾವಳಿಯ ಹೊತ್ತಿಗೆ ನಡೆಯುವ ಹೋರಿ ಬೆದರಿಸುವ ಸ್ಪರ್ಧೆಯನ್ನು ಎಲ್ಲರೂ ಬಲ್ಲರು. ಹೋರಿ ಜನರ ಮಧ್ಯೆ ಓಡುವುದು ಕೆಲವೇ ಕ್ಷಣ. ಅದರ ಹಿಂದೆ ತಿಂಗಳುಗಟ್ಟಲೆ ಮೇವು, ಆರೈಕೆ, ಅಭ್ಯಾಸ ಇರುತ್ತದೆ. ಕೊರಳಿನ ಕೊಬ್ಬರಿ ಹಾರ ನೋಡುವವರಿಗೆ ಕೊಟ್ಟಿಗೆಯ ಆ ತಿಂಗಳುಗಳು ಕಾಣುವುದಿಲ್ಲ.

ಗುದ್ದಿದವನ ಮೇಲೆ ಕೋಪ

ಅಭ್ಯಾಸದ ಸಹನೆ ಒಂದು ಬಗೆ. ಅನ್ಯಾಯವಾದಾಗ ಬೇಕಾಗುವ ಸಹನೆ ಇನ್ನೊಂದು. ಹುಡುಗನೊಬ್ಬ ವಾರವಿಡೀ ಅಭ್ಯಾಸ ಮಾಡಿ ಓಟಕ್ಕೆ ಇಳಿಯುತ್ತಾನೆ. ಮೊದಲ ತಿರುವಿನಲ್ಲೇ ಹಿಂದಿನವನು ಬಂದು ಗುದ್ದುತ್ತಾನೆ. ಈಗ ಕೈಯಲ್ಲಿ ಸ್ಟೇರಿಂಗ್ ಇದೆ, ಎದುರಿಗೆ ತಪ್ಪು ಮಾಡಿದವನಿದ್ದಾನೆ. ತಿರುಗಿ ಗುದ್ದಿದರೆ ಯಾರಿಗೂ ಪೆಟ್ಟಾಗುವುದಿಲ್ಲ, ಗುದ್ದಿದವನು ಯಾರೆಂದು ಊರಿಗೆ ತಿಳಿಯುವುದೂ ಇಲ್ಲ. ಮನುಷ್ಯನ ನಿಜವಾದ ನಡತೆ ಬಯಲಾಗುವುದು ಇಂತಹ ಜಾಗದಲ್ಲಿ.

ಐರೇಸಿಂಗ್‌ನ ಒಂದು ನಿಯಮ ಇಲ್ಲಿ ವಿಚಾರಾರ್ಹ. ಅಲ್ಲಿ ಪ್ರತಿಯೊಬ್ಬ ಚಾಲಕನಿಗೂ ಸುರಕ್ಷತೆಯ ಅಂಕವಿರುತ್ತದೆ. ರಸ್ತೆಯಿಂದ ಹೊರಗೆ ಹೋದರೆ 1, ಹತೋಟಿ ತಪ್ಪಿದರೆ 2, ಇನ್ನೊಂದು ಕಾರಿಗೆ ಬಲವಾಗಿ ತಾಗಿದರೆ ಸಾಮಾನ್ಯವಾಗಿ 4 ಎಂಬಂತೆ ಘಟನೆಯ ಅಂಕಗಳು ಬೀಳುತ್ತವೆ. ಎಷ್ಟು ತಿರುವುಗಳಿಗೆ ಎಷ್ಟು ಘಟನೆ ಎಂಬ ಲೆಕ್ಕದ ಮೇಲೆ ಸುರಕ್ಷತೆಯ ಅಂಕ ಏರುತ್ತದೆ ಅಥವಾ ಇಳಿಯುತ್ತದೆ. ಮೇಲಿನ ದರ್ಜೆಯ ಲೈಸೆನ್ಸ್ ಸಿಗಬೇಕಾದರೆ ಈ ಅಂಕ ಚೆನ್ನಾಗಿರಬೇಕು. ಬರೀ ಗೆಲುವು ಸಾಲದು. ಇಬ್ಬರು ತಾಗಿದಾಗ ತಪ್ಪು ಯಾರದೆಂದು ಕಂಪ್ಯೂಟರು ವಿಚಾರಿಸುವುದಿಲ್ಲ. ಅಂಕ ಇಬ್ಬರಿಗೂ ಬೀಳುತ್ತದೆ. ಹುಡುಗರಿಗೆ ಇದು ಅನ್ಯಾಯವೆನಿಸುವುದು ಸಹಜ. ಆದರೆ ಇದರಿಂದ ಅವರು ಒಂದು ವಿಷಯ ಕಲಿಯುತ್ತಾರೆ. ನನ್ನ ಹಕ್ಕು ನನಗಿದೆ ಎಂದು ಹಟ ಹಿಡಿದು ತಿರುವಿನಲ್ಲಿ ನುಗ್ಗುವುದಕ್ಕಿಂತ, ಅವಿವೇಕಿಗೆ ದಾರಿ ಬಿಟ್ಟು ಮುಂದೆ ಸಾಗುವುದರಲ್ಲಿ ತನಗೇ ಹಿತವಿದೆ. ಉದ್ದೇಶಪೂರ್ವಕವಾಗಿ ಗುದ್ದಿದವನ ಮೇಲೆ ದೂರು ಕೊಡಲು ಬೇರೆ ವ್ಯವಸ್ಥೆಯಿದೆ. ದೂರು ಕೊಡುವುದು ನ್ಯಾಯದ ದಾರಿ, ತಿರುಗಿ ಗುದ್ದುವುದು ಸೇಡಿನ ದಾರಿ. ಪೆಟ್ಟು ಬಿದ್ದ ಮೊದಲ ಕ್ಷಣದ ಸಹನೆಯೇ ಸಹನೆ ಎಂದು ಪ್ರವಾದಿವರ್ಯರು(ಸ) ಕಲಿಸಿರುವುದನ್ನು ಮಕ್ಕಳಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೇ?

ಪರದೆಯಿಂದ ರಸ್ತೆಗೆ

ಆಟದಲ್ಲಿ ಕಲಿತದ್ದು ನಿಜಜೀವನಕ್ಕೆ ಬರುತ್ತದೆಯೇ? ನಿಸ್ಸಾನ್ ಕಂಪನಿಯು ಗ್ರ್ಯಾನ್ ಟುರಿಸ್ಮೊ ಆಟದವರೊಂದಿಗೆ ಸೇರಿ 2008ರಿಂದ 2016ರವರೆಗೆ 'ಜಿಟಿ ಅಕಾಡೆಮಿ' ಎಂಬ ಸ್ಪರ್ಧೆ ನಡೆಸಿತು. ಮನೆಯಲ್ಲಿ ಆಡುತ್ತಿದ್ದವರನ್ನು ಆರಿಸಿ, ತರಬೇತಿ ಕೊಟ್ಟು, ನಿಜವಾದ ಓಟಕ್ಕೆ ಇಳಿಸುವುದು ಅದರ ಉದ್ದೇಶವಾಗಿತ್ತು. ಮೊದಲ ವರ್ಷ ಗೆದ್ದವರು ಸ್ಪೇನಿನ ಲುಕಾಸ್ ಒರ್ಡೊನ್ಯೆಸ್. ಅವರಿದ್ದ ತಂಡ 2011ರಲ್ಲಿ ಫ್ರಾನ್ಸಿನ ಲ ಮಾನ್ಸ್ 24 ಗಂಟೆಗಳ ಓಟದಲ್ಲಿ ತನ್ನ ವರ್ಗದಲ್ಲಿ ಎರಡನೆಯ ಸ್ಥಾನ ಪಡೆಯಿತು. ಹಗಲುರಾತ್ರಿ ನಡೆಯುವ ಆ ಓಟದಲ್ಲಿ ಒಂದು ವೇಗದ ಸುತ್ತಿನಿಂದ ಏನೂ ಆಗದು. ಸ್ಥಿರತೆಯೇ ಅಲ್ಲಿ ಬಂಡವಾಳ.

ಅದೇ ಅಕಾಡೆಮಿಯಲ್ಲಿ 2011ರಲ್ಲಿ ಗೆದ್ದ ಬ್ರಿಟನ್ನಿನ ಯುವಕ ಜಾನ್ ಮಾರ್ಡನ್‌ಬರೋ. 2015ರ ಮಾರ್ಚ್‌ನಲ್ಲಿ ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ ಅವರ ಕಾರು ದಿಬ್ಬದ ಮೇಲೆ ಗಾಳಿಗೆದ್ದು ಬೇಲಿಯಾಚೆ ಹಾರಿತು. ಚಾಲಕರು ಬದುಕುಳಿದರು. ಪ್ರೇಕ್ಷಕರೊಬ್ಬರು ಮೃತಪಟ್ಟರು. ಪರದೆಯ ಆಟದಲ್ಲಿ ಒಂದು ಗುಂಡಿ ಒತ್ತಿದರೆ ಕಾರು ಹೊಸದಾಗಿ ಬಂದು ನಿಲ್ಲುತ್ತದೆ. ರಸ್ತೆಯಲ್ಲಿ ಅಂತಹ ಗುಂಡಿ ಇಲ್ಲ.

ಶಿಗ್ಗಾಂವಿಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 48 ಹಾದುಹೋಗುತ್ತದೆ. ಹದಿನೈದು ವರ್ಷದ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು, ಮಗ ಧೈರ್ಯವಂತನೆಂದು ಹೆಮ್ಮೆಪಡುವ ತಂದೆಯರು ನಮ್ಮಲ್ಲಿದ್ದಾರೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಕಾನೂನಿಗಿಂತ ಮೊದಲು ಇದು ಅಮಾನತ್ತಿನ ಪ್ರಶ್ನೆ. ಮಗನೂ ಅಮಾನತ್ತು, ದಾರಿಯಲ್ಲಿ ನಡೆದುಹೋಗುವ ಮುದುಕಿಯ ಪ್ರಾಣವೂ ಅಮಾನತ್ತು. ಆಟ ಆಡಿದ ಹುಡುಗ ತಿರುವಿಗೆ ಮುಂಚೆ ಬ್ರೇಕು ಹಾಕುವುದನ್ನು ಕಲಿತನೇ, ಅಥವಾ ವೇಗದ ರುಚಿಯನ್ನಷ್ಟೇ ಕಲಿತನೇ? ತಂದೆತಾಯಿ ನೋಡಬೇಕಾದದ್ದು ಇದನ್ನು.

ಮನೆಯಲ್ಲಿ ಪಾಲಿಸಬೇಕಾದ ಕೆಲವು ಮಾತುಗಳು

1. ಸಮಯ ಮೊದಲೇ ನಿಗದಿಯಾಗಲಿ. ಇತರರೊಂದಿಗೆ ನಡೆಯುವ ಓಟವನ್ನು ನಡುವೆ ನಿಲ್ಲಿಸಲಾಗದು. ಆದುದರಿಂದ ಮಗ್ರಿಬ್, ಇಶಾ ವೇಳೆಗೆ ತಾಗುವ ಓಟಕ್ಕೆ ಸೇರಲೇಬಾರದು. 'ಅಬ್ಬಾ, ಇನ್ನು ಎರಡೇ ಸುತ್ತು' ಎಂಬ ಮಾತಿಗೆ ಎಡೆಯೇ ಇರಬಾರದು.

2. ದಿನಕ್ಕೆ ಅರ್ಧ ಗಂಟೆಯ ಗಮನವಿಟ್ಟ ಅಭ್ಯಾಸವು ಭಾನುವಾರದ ಆರು ಗಂಟೆಗಿಂತ ಹೆಚ್ಚು ಕಲಿಸುತ್ತದೆ. ಬೇಸರ, ಕೋಪ ಬಂದಾಗ ಎದ್ದುಬಿಡುವುದನ್ನೂ ಕಲಿಸಬೇಕು.

3. ಹಣ ಪಣಕ್ಕಿಟ್ಟರೆ ಅದು ಜೂಜು. ಅದಕ್ಕೆ ಆಟದ ಹೆಸರು ಕೊಟ್ಟರೂ ಹಲಾಲ್ ಆಗದು. ಕೇಂದ್ರ ಸರಕಾರದ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯೂ ಇ-ಸ್ಪೋರ್ಟ್ಸ್‌ನ್ನು ಬೇರೆಯಾಗಿ ಗುರುತಿಸಿ, ಹಣ ಹೂಡುವ ಆಟಗಳನ್ನು ನಿಷೇಧಿಸಿದೆ.

4. ಸ್ಟೇರಿಂಗ್, ಪೆಡಲ್, ಕಂಪ್ಯೂಟರು ಇವು ದುಬಾರಿ ವಸ್ತುಗಳು. ಇರುವ ಸಾಧನದಲ್ಲೇ ಕಲಿಯಲಿ. ಸಾಲ ಮಾಡಿ ತರುವಂತಹ ಆಟ ಯಾವುದೂ ಇಲ್ಲ.

5. ವಾರಕ್ಕೊಮ್ಮೆ ತಂದೆಯಾಗಲಿ ಅಣ್ಣನಾಗಲಿ ಪಕ್ಕದಲ್ಲಿ ಕುಳಿತು ನೋಡಲಿ. ಗೆದ್ದೆಯಾ ಎಂಬ ಪ್ರಶ್ನೆ ಕೊನೆಗಿರಲಿ. ಎಷ್ಟು ಸುತ್ತು ತಪ್ಪಿಲ್ಲದೆ ಓಡಿಸಿದೆ, ಗುದ್ದಿದವನಿಗೆ ಏನು ಮಾಡಿದೆ ಎಂದು ಮೊದಲು ಕೇಳಲಿ.

ಸವಣೂರಿನ ದೊಡ್ಡ ಹುಣಸೆಮರಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆ ಮರಗಳ ಬೊಡ್ಡೆಯನ್ನು ತಬ್ಬಲು ಹಲವರ ತೋಳು ಸೇರಬೇಕು. ಒಂದೇ ಮಳೆಗಾಲದಲ್ಲಿ ಅವು ಅಷ್ಟು ಬೆಳೆದದ್ದಲ್ಲ. ಮಕ್ಕಳ ಸ್ವಭಾವವೂ ಹಾಗೆಯೇ ಸುತ್ತು ಸುತ್ತಾಗಿ ಬಲಿಯುತ್ತದೆ. ಅವರು ಕೈಯಲ್ಲಿ ಪುಸ್ತಕ ಹಿಡಿದಿರಲಿ, ಸ್ಟೇರಿಂಗ್ ಹಿಡಿದಿರಲಿ, ಮನಸ್ಸಿನ ಲಗಾಮು ಮಾತ್ರ ಅವರ ಕೈಯಲ್ಲೇ ಇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ಆ ಹೊಣೆಯನ್ನು ನಿಭಾಯಿಸುವ ಸಹನೆಯನ್ನು ಅಲ್ಲಾಹನು ನಮಗೂ ಕರುಣಿಸಲಿ.