ನಾಯಿಗೆ ಸ್ಟೀರಾಯ್ಡ್ ಸೂಜಿ, ಗ್ಲೂಕೋಸ್ ಬಾಟಲಿ: ಯಾವಾಗ, ಎಷ್ಟು?



ಎಮ್ಮೆ ಮೇವು ಬಿಟ್ಟರೆ ಅರ್ಧ ದಿನದೊಳಗೆ ಪಶುವೈದ್ಯರಿಗೆ ಹೇಳಿಕಳಿಸುತ್ತೀರಿ. ಹಟ್ಟಿ ಕಾಯುವ ನಾಯಿ ಮಲಗಿದರೆ ಮಾತ್ರ ಪೇಟೆಯಿಂದ ಯಾವುದೋ ಸೂಜಿಮದ್ದು ತಂದು, ಯಾರ ಕೈಯಿಂದಲೋ ಚುಚ್ಚಿಸುವುದುಂಟು. ಅದು ಡೆಕ್ಸಾಮೆಥಾಸೋನ್ ಆಗಿದ್ದರೆ ಜೋಕೆ. ಅದು ಸ್ಟೀರಾಯ್ಡ್ ಜಾತಿಯ ಔಷಧ. ಪ್ರೆಡ್ನಿಸೋಲೋನ್ ಮಾತ್ರೆಯೂ ಇದೇ ಕುಲದ್ದು. ಇವನ್ನು ಕೊಡುವುದು ಪಶುವೈದ್ಯರ ಕೆಲಸ. ಬೇಸಾಯದ ಡಿಪ್ಲೊಮಾ ಪಡೆದ ಗ್ರಾಮಸೇವಕನಾದ ನನಗೂ ಆ ಅಧಿಕಾರವಿಲ್ಲ.

ಸ್ಟೀರಾಯ್ಡ್ ಕೆಟ್ಟದ್ದಲ್ಲ. ಬಾವು, ತುರಿಕೆಗಳನ್ನು ಬೇಗ ತಗ್ಗಿಸುತ್ತದೆ. ತೊಡಕಿರುವುದೂ ಅಲ್ಲಿಯೇ. ರೋಗದ ಗುರುತು ಅಡಗಿ ರೋಗ ಒಳಗೇ ಉಳಿಯಬಹುದು. ಸೋಂಕನ್ನು ಎದುರಿಸುವ ಮೈಯ ಶಕ್ತಿಯೂ ಕುಗ್ಗುತ್ತದೆ. ನುಸಿಯಿಂದ ಬಂದ ಕಜ್ಜಿಗೆ ಇದನ್ನು ಕೊಟ್ಟರೆ ನಾಲ್ಕು ದಿನ ಕೆರೆತ ನಿಂತು, ಆಮೇಲೆ ಕಜ್ಜಿ ಮೈಯೆಲ್ಲ ಹರಡೀತು. ಗಬ್ಬದ ನಾಯಿ ಕಂದು ಹಾಕಬಹುದು. ನೋವಿನ ಮಾತ್ರೆಯ ಜೊತೆಗೆ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಭಯವಿದೆ. ಆದ್ದರಿಂದ ಮೊದಲೇ ಏನಾದರೂ ಕೊಟ್ಟಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ. ಖಾಲಿ ಸೀಸೆಯನ್ನೇ ತೋರಿಸಿದರೆ ಇನ್ನೂ ಉತ್ತಮ.

ವೈದ್ಯರೇ ಮಾತ್ರೆ ಬರೆದುಕೊಟ್ಟಿದ್ದರೆ ನಾಯಿ ಹೆಚ್ಚು ನೀರು ಕುಡಿದು ಹೆಚ್ಚು ಉಚ್ಚೆ ಹೊಯ್ಯುತ್ತದೆ. ನೀರು ತಡೆಯಬೇಡಿ. ಗುಣವಾಯಿತೆಂದು ಮಾತ್ರೆಯನ್ನು ಥಟ್ಟನೆ ನಿಲ್ಲಿಸಲೂಬೇಡಿ. ಮೂತ್ರಪಿಂಡದ ಬಳಿಯ ಚಿಕ್ಕ ಗ್ರಂಥಿಗಳು ಇಂಥದೇ ರಸವನ್ನು ತಾವೇ ತಯಾರಿಸುತ್ತವೆ. ಹಲವು ವಾರ ಹೊರಗಿನಿಂದ ಸಿಕ್ಕರೆ ಅವು ಕೆಲಸ ಮರೆಯುತ್ತವೆ. ವೈದ್ಯರು ಹೇಳಿದಂತೆ ಮೆಲ್ಲಮೆಲ್ಲನೆ ಇಳಿಸದಿದ್ದರೆ ನಾಯಿ ವಾಂತಿ ಮಾಡಿ ಸೋತು ಬೀಳಬಹುದು.

ಇನ್ನು ಬಾಟಲಿಯ ಮಾತು. ಮರಿಗಳಿಗೆ ಪಾರ್ವೊ ಎಂಬ ವೈರಸ್ ಜಾಡ್ಯ ಬರುತ್ತದೆ. 1978ರ ಸುಮಾರಿಗೆ ಜಗತ್ತಿನಲ್ಲಿ ಕಾಣಿಸಿಕೊಂಡ ರೋಗವಿದು. ವಾಂತಿ, ನಾರುವ ರಕ್ತಭೇದಿಯಿಂದ ಮರಿ ಎರಡು ಮೂರು ದಿನಗಳಲ್ಲೇ ಸಾಯಬಹುದು. ಇಲ್ಲಿ ಆಸರೆ ಸ್ಟೀರಾಯ್ಡ್ ಅಲ್ಲ. ಮೈ ಕಳೆದುಕೊಂಡ ನೀರನ್ನೂ ಲವಣವನ್ನೂ ಮತ್ತೆ ತುಂಬುವುದು. ಹೆಗಲ ಮೇಲಿನ ತೊಗಲನ್ನು ಎತ್ತಿ ಬಿಟ್ಟು ನೋಡಿ. ಕೂಡಲೇ ಕೂರದೆ ನಿಂತರೆ, ಒಸಡು ಅಂಟಂಟಾಗಿದ್ದರೆ ನೀರು ಬತ್ತಿದೆ ಎಂದು ತಿಳಿದು ತಡಮಾಡದೆ ಹೊರಡಿ.

ವೈದ್ಯರ ಲೆಕ್ಕ ಹೀಗಿರುತ್ತದೆ: 10 ಕಿಲೊ ನಾಯಿಯ ಮೈತೂಕದಲ್ಲಿ ನೂರಕ್ಕೆ 8ರಷ್ಟು ನೀರು ಬತ್ತಿದ್ದರೆ ಕೊರತೆ 800 ಮಿಲಿಲೀಟರ್. ದಿನದ ಖರ್ಚಿಗೆ ಇನ್ನು ಸುಮಾರು 500ರಿಂದ 600. ವಾಂತಿಭೇದಿಯಲ್ಲಿ ಹೋಗುತ್ತಿರುವುದು ಬೇರೆ. ಬಾಟಲಿ ಬೇಗ ಮುಗಿಯಲೆಂದು ನಳಿಕೆಯ ಚಕ್ರ ತಿರುಗಿಸುವ ಪುಣ್ಯಾತ್ಮರಿದ್ದಾರೆ! ಅತಿ ವೇಗವಾಗಿ ಹರಿದರೆ ಶ್ವಾಸಕೋಶದಲ್ಲಿ ನೀರು ತುಂಬೀತು. ಏದುಸಿರು, ಕೆಮ್ಮು ಕಂಡರೆ ಹರಿವು ನಿಲ್ಲಿಸಿ ವೈದ್ಯರನ್ನು ಕರೆಯಿರಿ. ಬರೀ ಗ್ಲೂಕೋಸ್ ನೀರಿನಲ್ಲಿ ಲವಣವಿಲ್ಲ. ಅದನ್ನು ತೊಗಲಿನಡಿ ಚುಚ್ಚಲೂಬಾರದು. ಪಾರ್ವೊಗೆ ರಿಂಗರ್ ಲ್ಯಾಕ್ಟೇಟ್‌ನಂಥ ದ್ರಾವಣವನ್ನು ವೈದ್ಯರೇ ಆರಿಸುತ್ತಾರೆ.

ವಾಂತಿ ಮಾಡುತ್ತಿರುವ ಮರಿಯ ಬಾಯಿಗೆ ಒತ್ತಾಯದಿಂದ ಏನನ್ನೂ ಸುರಿಯಬೇಡಿ. ದವಡೆ ಜೋತು, ಜೊಲ್ಲು ಸುರಿಸುತ್ತ, ನುಂಗಲಾರದ ನಾಯಿಯಾದರೆ ಬಾಯಿಯ ಹತ್ತಿರ ಕೈಯನ್ನೇ ಒಯ್ಯಬೇಡಿ, ಹುಚ್ಚುರೋಗವಿರಬಹುದು. ಕಚ್ಚಿದರೆ ಅಥವಾ ಜೊಲ್ಲು ಗಾಯಕ್ಕೆ ತಗುಲಿದರೆ 15 ನಿಮಿಷ ಸಾಬೂನು ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ.

ಪಾರ್ವೊ ತಡೆಯಲು ಲಸಿಕೆಯಿದೆ. 6ರಿಂದ 8 ವಾರದ ಮರಿಗೆ ಮೊದಲ ಸೂಜಿ. ಆಮೇಲೆ 16 ವಾರ ತುಂಬುವವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ಹುಚ್ಚುರೋಗದ ಲಸಿಕೆ ಬೇರೆ. ಅದರ ದಿನವನ್ನೂ ಆಗಲೇ ಕೇಳಿ ಗುರುತು ಹಾಕಿಕೊಳ್ಳಿ.