ಕೃಪೆಯೂ ಕೃಪಾಂಕವೂ

ಸಭಾಪಾಲಕರ ತರಬೇತಿಯ ಮಾತು ಬಂದಾಗಲೆಲ್ಲ ನಮ್ಮ ಚರ್ಚೆ ಪಠ್ಯಕ್ರಮದಲ್ಲಿ ಏನಿರಬೇಕು, ಎಷ್ಟು ವರ್ಷ ಓದಿಸಬೇಕು ಎಂಬುದರ ಸುತ್ತಲೇ ಗಿರಕಿ ಹೊಡೆಯುತ್ತದೆ. ಯಾವ ಭಾಷೆಯಲ್ಲಿ ಓದಿಸಬೇಕು ಎನ್ನುವುದನ್ನು ಅನುಕೂಲದ ಪ್ರಶ್ನೆ ಎಂದು ಬದಿಗಿಡುತ್ತೇವೆ. ನಾನೂ ಬಹಳ ಕಾಲ ಹಾಗೆಯೇ ಇಟ್ಟಿದ್ದೆ. ದೇವಶಾಸ್ತ್ರವನ್ನು ಇಂಗ್ಲಿಷಿನಲ್ಲಿ ಚೆನ್ನಾಗಿ ಕಲಿತವನು ಅದನ್ನು ಕನ್ನಡಕ್ಕೆ ಇಳಿಸಿಕೊಂಡರಾಯಿತು, ಅದೇನು ಮಹಾ ಎಂಬುದು ನನ್ನ ಎಣಿಕೆಯಾಗಿತ್ತು. ಒಂದು ಕಡೆ ದೇವಶಾಸ್ತ್ರದ ಪುಸ್ತಕ, ಇನ್ನೊಂದು ಕಡೆ ಭಾನುವಾರದ ಪ್ರಸಂಗ, ಎರಡನ್ನೂ ವರ್ಷಗಟ್ಟಲೆ ಅಕ್ಕಪಕ್ಕ ಇಟ್ಟುಕೊಂಡ ಮೇಲೆ ಆ ಎಣಿಕೆ ಉಳಿಯಲಿಲ್ಲ. ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಹೇಳುವುದು ಭಾಷಾಂತರವಲ್ಲ, ಎರಡನೆಯ ಸಲ ಕಲಿಯುವ ಕೆಲಸ ಎಂದು ಈಗ ಅನ್ನಿಸುತ್ತದೆ. ಆ ಎರಡನೆಯ ಕಲಿಕೆಗೆ ನಮ್ಮ ಬಹುತೇಕ ಸೆಮಿನರಿಗಳಲ್ಲಿ ಗುರುವಿಲ್ಲ, ಪಾಠದ ಅವಧಿಯಿಲ್ಲ, ಅಂಕವೂ ಇಲ್ಲ. ಪದವಿ ಹಿಡಿದು ಬಂದವನು ಅದನ್ನು ಸಭೆಯ ಮೇಲೇ ಪ್ರಯೋಗ ಮಾಡುತ್ತ ಕಲಿಯಬೇಕು. ಕೆಲವರು ಕಲಿಯುತ್ತಾರೆ. ಉಳಿದವರು ಇಂಗ್ಲಿಷಿನ ನೆರಳಿನಂಥ ಒಂದು ಕನ್ನಡವನ್ನು ಮೂವತ್ತು ವರ್ಷ ಮಾತಾಡಿ ನಿವೃತ್ತರಾಗುತ್ತಾರೆ.

ಕೃಪೆ ಎಂಬ ಪದವನ್ನೇ ನೋಡಿ. ಪೌಲನ ಪತ್ರಿಕೆಗಳ ಬೆನ್ನೆಲುಬು ಅದು: ಯೋಗ್ಯತೆ ನೋಡದೆ, ಲೆಕ್ಕ ಇಡದೆ ದೇವರು ಪುಕ್ಕಟೆಯಾಗಿ ಕೊಡುವಂಥದ್ದು. ಅಗಸ್ಟೀನನಿಂದ ಲೂಥರನವರೆಗೆ ಇಂಗ್ಲಿಷಿನಲ್ಲಿ ಓದಿಬಂದವನು ‘ಕೃಪೆ’ ಎಂದೊಡನೆ ಹೇಳಬೇಕಾದದ್ದನ್ನೆಲ್ಲ ಹೇಳಿದೆನೆಂದುಕೊಳ್ಳುತ್ತಾನೆ. ಕೇಳುವವರ ಕಿವಿಗೆ ಆ ಪದ ಬೇರೆ ದಾರಿಯಿಂದ ಬಂದಿರುತ್ತದೆ. ಒಂದು, ಧಣಿಗಳ ಕೃಪಾಕಟಾಕ್ಷ. ಕೆಳಗಿನವನು ಕೈಕಟ್ಟಿ ನಿಂತು ಪಡೆಯುವಂಥದ್ದು. ಇನ್ನೊಂದು, ಪರೀಕ್ಷೆಯ ಕೃಪಾಂಕ. ಕೃಪಾಂಕ ಸಿಗುವುದು ಇನ್ನೇನು ಪಾಸಾಗಲಿದ್ದವನಿಗೆ. ಸೊನ್ನೆ ತೆಗೆದವನಿಗೆ ಯಾರೂ ಕೊಡುವುದಿಲ್ಲ. ಪೌಲ ಹೇಳಿದ್ದಕ್ಕೆ ಇದು ತದ್ವಿರುದ್ಧ. ಈ ಎರಡು ಅರ್ಥಗಳನ್ನು ಎದುರು ಹಾಕಿಕೊಂಡು ಮಾತಾಡದ ಪ್ರಸಂಗದಲ್ಲಿ ಕೃಪೆ ಎಂಬ ಪದ ನೂರು ಸಲ ಬಂದರೂ ಸಭೆ ಕೇಳಿಸಿಕೊಂಡದ್ದು ಕೃಪಾಂಕವನ್ನೇ. ರೋಮಾಪುರದವರಿಗೆ ಬರೆದ ಪತ್ರಿಕೆಯ ‘ನೀತಿ’ಯ ಪಾಡೂ ಅದೇ. ಗ್ರೀಕಿನ ದಿಕಾಯೊಸ್ಯುನೆಯಲ್ಲಿ ನ್ಯಾಯಸ್ಥಾನದ ವಾಸನೆಯಿದೆ, ಮುರಿದ ಸಂಬಂಧ ನೆಟ್ಟಗಾಗುವ ಭಾವವಿದೆ. ನಮ್ಮ ನೀತಿ ನೀತಿಕತೆಯ ನೀತಿ. ಸುಳ್ಳು ಹೇಳಬೇಡ, ಕದಿಯಬೇಡ. ‘ದೇವರ ನೀತಿ’ ಎಂದಾಗ ದೇವರೂ ಒಬ್ಬ ಮೇಷ್ಟ್ರಂತೆ ಕಂಡರೆ ತಪ್ಪು ಕೇಳುವವರದಲ್ಲ.

ಕನ್ನಡದಿಂದ ಬರೀ ತೊಡಕು ಎಂದುಕೊಂಡರೆ ಅದೂ ತಪ್ಪಾದೀತು. ‘ಪಾಪ’ ಎಂಬ ಪದದಲ್ಲಿ ನಮಗಿರುವ ಸಿರಿ ಇಂಗ್ಲಿಷಿನವರಿಗಿಲ್ಲ. ಬಿದ್ದ ಮಗುವನ್ನು ಕಂಡು ‘ಅಯ್ಯೋ ಪಾಪ’ ಎನ್ನುತ್ತೇವೆ. ಕರಾವಳಿಯಲ್ಲಿ ‘ಪಾಪದವನು’ ಎಂದರೆ ಪಾಪಿಯಲ್ಲ, ಯಾರ ಗೋಜಿಗೂ ಹೋಗದ ಬಡಪಾಯಿ. ತಪ್ಪನ್ನೂ ಮರುಕವನ್ನೂ ಒಂದೇ ಪದದಲ್ಲಿ ಹಿಡಿದಿಟ್ಟ ಭಾಷೆಯೊಳಗೆ ನಿಂತು, ಸುಂಕದವರ ಮತ್ತು ಪಾಪಿಗಳ ಪಂಕ್ತಿಯಲ್ಲಿ ಊಟಕ್ಕೆ ಕೂತ ಯೇಸುವಿನ ಬಗ್ಗೆ ಏನೆಲ್ಲ ಹೇಳಬಹುದು! ಆದರೆ ಇಂಗ್ಲಿಷಿನಲ್ಲಿ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ನಾನು ಕಲಿತ ಮುಖ್ಯ ಪಾಠ ಇದು: ಭಾಷೆ ಉತ್ತರವನ್ನಷ್ಟೇ ಅಲ್ಲ, ಪ್ರಶ್ನೆಯನ್ನೂ ಆರಿಸಿ ಕೊಡುತ್ತದೆ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಬಾವಿಕಟ್ಟೆಯ ಬಳಿ ಸಮಾರ್ಯದ ಹೆಂಗಸು ಯೇಸುವನ್ನು ‘ನೀನು’ ಎನ್ನುತ್ತಾಳೋ ‘ನೀವು’ ಎನ್ನುತ್ತಾಳೋ? ಯೇಸು ಅವಳನ್ನು ಏನೆನ್ನುತ್ತಾನೆ, ಅಥವಾ ಏನೆನ್ನುತ್ತಾರೆ? ಗ್ರೀಕಿನ ಏಕವಚನದಲ್ಲಿ ಮರ್ಯಾದೆಯ ಲೆಕ್ಕವಿಲ್ಲ, ಇಂಗ್ಲಿಷಿಗೆ ಇರುವುದೇ ಒಂದು ಪದ. ಕನ್ನಡದಲ್ಲಿ ಮಾತ್ರ ಬಾಯಿ ತೆರೆಯುವ ಮೊದಲೇ ತೀರ್ಮಾನಿಸಬೇಕು. ನಮ್ಮ ಹಳೆಯ ಸತ್ಯವೇದದಲ್ಲಿ ಯೇಸು ‘ಆತನು’, ‘ಹೇಳಿದನು’. ಕಥೋಲಿಕರ ವಾಚನಗಳಲ್ಲಿ ‘ಯೇಸುಸ್ವಾಮಿ’, ‘ಹೇಳಿದರು’. ಇದು ಬರೀ ವ್ಯಾಕರಣವಲ್ಲ. ತಾತನ ವಯಸ್ಸಿನವರನ್ನೂ ಊರಿನ ಚಿಕ್ಕ ಹುಡುಗ ಏಕವಚನದಲ್ಲಿ ಕರೆದ ನೆನಪಿರುವ ಕೇರಿಯಲ್ಲಿ ಈ ಭಾಗವನ್ನು ಓದುವವನು, ನಮ್ಮವಳಾದ ಆ ಹೆಂಗಸಿಗೆ ದೇವಕುಮಾರನು ಬಹುವಚನ ಕೊಟ್ಟನೇ ಎಂಬ ಪ್ರಶ್ನೆಗೆ ದನಿಯಲ್ಲೇ ಉತ್ತರ ಕೊಟ್ಟಿರುತ್ತಾನೆ.

ಇದೆಲ್ಲ ಹೊಸದಾಗಿ ಹುಟ್ಟಿದ ಕನ್ನಡಾಭಿಮಾನ ಎಂದು ಯಾರಾದರೂ ಅಂದರೆ ಮಂಗಳೂರಿನ ಬಲ್ಮಠದ ಗುಡ್ಡವನ್ನು ತೋರಿಸಬೇಕಾಗುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1847ರಲ್ಲಿ ಅಲ್ಲಿ ಸೆಮಿನರಿ ಶುರುಮಾಡಿದರು. ಅದರ ಹಿಂದಿದ್ದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದವರು. ಸೆಮಿನರಿ ಶುರುವಾದ ಮರುವರ್ಷದಿಂದಲೇ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚು ಹಾಕಿಸಿದವರೂ ಅವರೇ. 1853ರಲ್ಲಿ ಬಂದ ಕಿಟೆಲ್ ಕ್ರಿಸ್ತನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ 1862ರಲ್ಲಿ ಹೊರತಂದರು, ಆಮೇಲೆ ಶಬ್ದಮಣಿದರ್ಪಣಕ್ಕೂ ಛಂದೋಂಬುಧಿಗೂ ಕೈಹಾಕಿದರು, 1894ರಲ್ಲಿ ನಿಘಂಟು ಮುಗಿಸಿದರು. ಇವರ ಉದ್ದೇಶ ಮತಪ್ರಚಾರವೇ. ಅದನ್ನು ಮುಚ್ಚಿಟ್ಟು ಹೊಗಳುವುದು ಪ್ರಾಮಾಣಿಕವಲ್ಲ. ಆದರೆ ಬೋಧಿಸುವವನು ಕೇಳುವವರ ಭಾಷೆಯ ಒಳಕೋಣೆಗೂ ಹೋಗಿ ಬರಬೇಕು ಎಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆ ಸೆಮಿನರಿ 1965ರಲ್ಲಿ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೊಂದಿಗೆ ಸೇರಿ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಾಯಿತು. ಕನ್ನಡದಲ್ಲಿ ಕಲಿಸುವ ಪರಂಪರೆ ಇಂದು ನಿಂತಿರುವುದು ಮುಖ್ಯವಾಗಿ ಅಲ್ಲೇ. ಕಥೋಲಿಕರಲ್ಲಿ ಕಥೆ ಇನ್ನೂ ಸೋಜಿಗ. 1962ರ ಫೆಬ್ರವರಿಯಲ್ಲಿ 23ನೇ ಯೊವಾನ್ನ ಪೋಪರು ಸೆಮಿನರಿಯ ಪಾಠಗಳು ಲ್ಯಾಟಿನ್ನಿನಲ್ಲೇ ನಡೆಯಬೇಕೆಂದು ಕಟ್ಟಪ್ಪಣೆ ಮಾಡಿದರು; ಅದೇ ವರ್ಷ ಅವರೇ ತೆರೆದ ಮಹಾಸಭೆ 1963ರ ಡಿಸೆಂಬರಿನಲ್ಲಿ ಆರಾಧನೆಗೆ ದೇಶಭಾಷೆಯ ಬಾಗಿಲು ತೆಗೆಯಿತು. ಪೂಜೆ ಕನ್ನಡಕ್ಕೆ ಬಂತು. ಪಾಠದ ಕೋಣೆ ಮಾತ್ರ ಲ್ಯಾಟಿನ್ ಬಿಟ್ಟು ಇಂಗ್ಲಿಷಿಗೆ ಹೊರಳಿತು.

ಕನ್ನಡದಲ್ಲಿ ಕಲಿಸಬೇಕು ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ವಿದ್ವತ್ತಿನದು. ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ, ಕನ್ನಡದಲ್ಲಿ ಓದಿದವನು ಬಾವಿಯ ಕಪ್ಪೆಯಾಗುತ್ತಾನೆ ಎನ್ನುತ್ತಾರೆ. ಪುಸ್ತಕಗಳ ಕೊರತೆ ನಿಜ. ಆದರೆ ಇಂಗ್ಲಿಷ್ ಓದಬೇಡಿ ಎಂದು ಯಾರು ಹೇಳಿದರು? ಓದುವುದು ಇಂಗ್ಲಿಷಿನಲ್ಲಾಗಲಿ, ವಾದ ಮಾಡುವುದು, ಬರೆಯುವುದು ಕನ್ನಡದಲ್ಲೂ ಆಗಲಿ ಎಂಬುದಷ್ಟೇ ನನ್ನ ಮಾತು. ಮೂಲಭಾಷೆಗಳ ವಿಷಯದಲ್ಲಂತೂ ಇಂಗ್ಲಿಷ್ ಸುತ್ತುದಾರಿ. ಗ್ರೀಕಿನಲ್ಲಿ ನಾಮಪದಗಳಿಗೆ ವಿಭಕ್ತಿ ಪ್ರತ್ಯಯಗಳಿವೆ. ಇಂಗ್ಲಿಷಿನಲ್ಲಿ ಅವು ಹೆಚ್ಚುಕಡಿಮೆ ಸವೆದುಹೋಗಿರುವುದರಿಂದ ಅಲ್ಲಿನ ವ್ಯಾಕರಣ ಪುಸ್ತಕಗಳು ವಿಭಕ್ತಿ ಎಂದರೇನು ಎಂಬುದರಿಂದಲೇ ಶುರುವಾಗಬೇಕು. ಪ್ರಾಥಮಿಕ ಶಾಲೆಯಲ್ಲೇ ‘ಉ, ಅನ್ನು, ಇಂದ, ಗೆ’ ಎಂದು ಉರುಹೊಡೆದ ಕನ್ನಡದ ಮಕ್ಕಳಿಗೆ ಅದು ಹೊಸ ಸಂಗತಿಯೇ ಅಲ್ಲ. ಆದರೂ ಅವರಿಗೆ ಗ್ರೀಕನ್ನು ಇಂಗ್ಲಿಷಿನ ಮೂಲಕವೇ ಕಲಿಸಿ ಕಷ್ಟ ಕೊಡುತ್ತೇವೆ. ದೇಶಭಾಷೆಯಲ್ಲಿ ಗಟ್ಟಿ ಚಿಂತನೆ ಹುಟ್ಟದು ಎನ್ನುವವರು ಮದುರೆಯ ಅರಸರಡಿಯ ಸೆಮಿನರಿಯನ್ನು ನೋಡಬೇಕು. ಅಲ್ಲಿ ತಮಿಳಿನಲ್ಲಿ ಪಾಠ ನಡೆಯುತ್ತದೆ; ಅಲ್ಲಿ ಕಲಿಸುತ್ತಿದ್ದ ತಿಯೋಫಿಲಸ್ ಅಪ್ಪಾವು ಹಳ್ಳಿಯ ತಮಿಳಿನಲ್ಲಿ, ಜಾನಪದ ಮಟ್ಟುಗಳಲ್ಲಿ ಕಟ್ಟಿದ ಆರಾಧನೆಯ ಹಾಡುಗಳ ಮೇಲೆ ಈಗ ಇಂಗ್ಲಿಷಿನಲ್ಲೇ ಪುಸ್ತಕ ಬಂದಿದೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ನಮ್ಮ ಸಭೆಗಳಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ದಲಿತರಿಗೆ ಇಂಗ್ಲಿಷ್ ಏಣಿಯಾಗಿದೆ. ಅರವಿಂದ ನಿರ್ಮಲ್ 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಮಾಡಿದ ಭಾಷಣದಿಂದ ಬೆಳೆದ ದಲಿತ ದೇವಶಾಸ್ತ್ರ ಜಗತ್ತಿಗೆ ಕೇಳಿಸಿದ್ದೂ ಇಂಗ್ಲಿಷಿನಲ್ಲೇ. ಏಣಿ ಹತ್ತುವವನ ಕಾಲು ಹಿಡಿದು ‘ಕನ್ನಡ’ ಎನ್ನುವುದು ಅನ್ಯಾಯ. ಅದೂ ಯಾರ ಕನ್ನಡ? ಸಮಾಸಗಳಿಂದ ಬಿಗಿದ ಪ್ರಾರ್ಥನಾ ಪುಸ್ತಕದ ಕನ್ನಡವೂ ಕೇರಿಯವರಿಗೆ ಇಂಗ್ಲಿಷಿನಷ್ಟೇ ದೂರ. ಮನೆಯಲ್ಲಿ ತುಳು, ಕೊಂಕಣಿ, ತಮಿಳು, ತೆಲುಗು ಆಡುವ ಸಭೆಗಳೂ ಇವೆ. ಈ ಮಾತನ್ನು ಒಪ್ಪಿಯೇ ಮುಂದೆ ಹೋಗಬೇಕು. ಆದರೆ ದಲಿತ ದೇವಶಾಸ್ತ್ರ ಇಂಗ್ಲಿಷಿನಲ್ಲೇ ಉಳಿದು, ಯಾರ ನೋವಿನಿಂದ ಹುಟ್ಟಿತೋ ಅವರ ಸಭೆಯಲ್ಲೇ ಕೇಳಿಸದೆ ಹೋದರೆ ಅದು ಯಾರ ಗೆಲುವು? 1984ರಲ್ಲಿ ಬಂದ ದೇವನೂರ ಮಹಾದೇವರ ‘ಕುಸುಮಬಾಲೆ’ ಕೇರಿಯ ಮಾತು ಎಷ್ಟು ಭಾರವನ್ನಾದರೂ ಹೊರಬಲ್ಲದು ಎಂದು ತೋರಿಸಿಯಾಗಿದೆ. ದೇವಶಾಸ್ತ್ರದ ವಿದ್ಯಾರ್ಥಿ ಅದನ್ನು ಓದದೆ ಪದವಿ ಪಡೆಯಬಹುದು ಎಂಬುದೇ ನನಗೆ ವಿಚಿತ್ರವಾಗಿ ಕಾಣುತ್ತದೆ.

ಬೇರೆ ಬೇರೆ ರಾಜ್ಯದವರು ಕೂಡಿ ಓದುವ ಕಾಲೇಜುಗಳಲ್ಲಿ ಕನ್ನಡದ ಪಾಠ ಕೇಳುವುದು ಹಟವಾದೀತು, ಅದು ನನಗೆ ಗೊತ್ತು. ಅಲ್ಲಿಯೂ ಒಂದು ಪತ್ರಿಕೆಯನ್ನು ಪ್ರತಿಯೊಬ್ಬನೂ ತನ್ನ ಸಭೆಯ ಭಾಷೆಯಲ್ಲಿ ಬರೆಯಲಿ, ಆ ಭಾಷೆಯ ಹಳ್ಳಿಯಲ್ಲಿ ಕೆಲಸ ಮಾಡಿದ ಸಭಾಪಾಲಕರೊಬ್ಬರು ಅದನ್ನು ತಿದ್ದಲಿ. ಪ್ರಸಂಗದ ಅಭ್ಯಾಸಕ್ಕೆ ಮಾದರಿಯನ್ನು ದೂರ ಹುಡುಕಬೇಕಾಗಿಲ್ಲ. ಕರಾವಳಿಯಲ್ಲಿ ಪ್ರಸಂಗ ಎಂದರೆ ಯಕ್ಷಗಾನದ ಕಥೆಯೂ ಹೌದು. ತಾಳಮದ್ದಳೆಯ ಅರ್ಥಧಾರಿಯ ಬಳಿ ಬರೆದಿಟ್ಟ ಮಾತಿಲ್ಲ. ಭಾಗವತರು ಹಾಡಿದ ಪದ್ಯವನ್ನು ಹಿಡಿದು, ಎದುರು ಕೂತವನ ವಾದವನ್ನು ಕೇಳಿಸಿಕೊಂಡು, ಅಲ್ಲೇ ಯೋಚಿಸಿ ಮಾತಾಡಬೇಕು. ಕರ್ಣನ ಪರ ಮಾತಾಡಲು ಕೂತವನು ಕೃಷ್ಣನ ಪ್ರಶ್ನೆಗೆ ತಡವರಿಸಿದರೆ ಸಭೆಗೆ ತಕ್ಷಣ ತಿಳಿಯುತ್ತದೆ. ಬಾವಿಕಟ್ಟೆಯ ಸಂವಾದವನ್ನು ಹಿಡಿದು ಇಬ್ಬರು ವಿದ್ಯಾರ್ಥಿಗಳನ್ನು ಹೀಗೆ ಎದುರುಬದುರು ಕೂರಿಸಿದರೆ, ಮೊದಲ ವಾಕ್ಯದಲ್ಲೇ ಅವರು ‘ನೀನು’ ಅಥವಾ ‘ನೀವು’ ಎನ್ನಲೇಬೇಕಾಗುತ್ತದೆ.